ಬೆಚ್ಚಗಿನ ತೊಟ್ಟಿ, ಬಾಯಾರಿದ ಹಸು

ಪೀಣ್ಯ

ಫ್ರಿಜ್ಜಿನ ಹೊರಗೆ ನೀರು ಹೆಪ್ಪುಗಟ್ಟುವುದನ್ನು ಎಂದೂ ನೋಡಿರದ ಹನ್ನೊಂದು ಜನ ಸೇರಿ, ಚಳಿಗಾಲದಲ್ಲಿ ದನಗಳ ನೀರು ಹೆಪ್ಪುಗಟ್ಟದ ಹಾಗೆ ಕಾಯುವ ತೊಟ್ಟಿಯೊಂದನ್ನು ಮಾಡಿದೆವು. ಇಪ್ಪತ್ತು ತೊಟ್ಟಿಗಳು ಕಿರ್ಗಿಸ್ತಾನದ ಒಂದು ಹಳ್ಳಿಗೆ ಹೋದವು. ಅಲ್ಲಿನ ಹಸುಗಳು ನೀರನ್ನು ಮೂಸಿ ನೋಡಿ ಮುಖ ತಿರುಗಿಸಿದವು. ಯಾಕೆಂದು ತಿಳಿದುಕೊಂಡು ಬರಲು ನನ್ನನ್ನು ಕಳಿಸಿದರು. ವಿದೇಶಕ್ಕೆ ಹೋಗಿ ಬಂದವರೆಲ್ಲ ಸರೋವರ, ಹಿಮಶಿಖರಗಳ ಬಗ್ಗೆ ಬರೆಯುತ್ತಾರೆ. ನಾನು ನೋಡಿದ್ದು ಒಂದು ಕೊಟ್ಟಿಗೆ.

ನಮ್ಮದು ಪೀಣ್ಯದ ಒಂದು ಸಣ್ಣ ಶೆಡ್ಡು. ಗೀಸರಿಗೆ, ಇಡ್ಲಿ ಸ್ಟೀಮರಿಗೆ ಹೀಟರ್ ಕಾಯಿಲ್ ಮಾಡುತ್ತೇವೆ. ನಾನು ಅಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇರುವವಳು ನಾನೊಬ್ಬಳೇ ಆದ್ದರಿಂದ ಈ ಪದವಿಗೆ ಪೈಪೋಟಿ ಇಲ್ಲ. ಚಳಿ ದೇಶಗಳಿಗೆ ದನದ ತೊಟ್ಟಿ ಕಳಿಸುವ ಯೋಚನೆ ಓನರಿಗೆ ಯಾವುದೋ ವಸ್ತುಪ್ರದರ್ಶನದಲ್ಲಿ ಹೊಳೆದದ್ದು. ಅವರ ಪ್ರಕಾರ ಅದು ಬಾಯಿ ಅಗಲವಾದ ಗೀಸರ್, ಅಷ್ಟೇ. ಬ್ರೋಷರಿನ ಮೇಲೆ ಹಿಮದ ನಡುವೆ ನಗುತ್ತಿರುವ ಹಸುವಿನ ಚಿತ್ರ ಹಾಕಿಸಿದರು. ಹಸು ನಗುವುದಿಲ್ಲ ಎಂದು ಹೇಳಿದ್ದಕ್ಕೆ, "ಮೇಡಂ, ನೀವು ಎಲ್ಲದ್ರಲ್ಲೂ ನೆಗೆಟಿವ್ ನೋಡ್ತೀರ ಕಣ್ರೀ" ಅಂದರು.

ಮೊದಲ ತೊಟ್ಟಿಗೆ ಕಳೆದ ಮಳೆಗಾಲದಲ್ಲಿ ಪೂಜೆಯೂ ಆಯಿತು. ಅರಿಸಿನ, ಕುಂಕುಮ, ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು. ಸ್ವಿಚ್ ಹಾಕಿದಾಗ ಕೆಂಪು ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಪರೀಕ್ಷೆ ಮಾಡಿ ಸಹಿ ಹಾಕಿದೆ. ಹೀಗೆಂದು ನೆನಪು.

ನೆನಪು ಎಂಬ ಮಾತನ್ನು ಇಲ್ಲೇ ಸ್ವಲ್ಪ ತಡೆದು ನೋಡಬೇಕು. ನನಗೆ ಓದುವ ಕಾಲದಿಂದಲೂ ಡೈರಿ ಬರೆಯುವ ಅಭ್ಯಾಸವಿದೆ. ನನ್ನ ನೆನಪನ್ನು ನಾನು ನಂಬದಿರುವುದೇ ಅದಕ್ಕೆ ಕಾರಣ. ಅದು ಸುಳ್ಳು ಹೇಳುವುದಿಲ್ಲ. ನಮ್ಮ ಬ್ರೋಷರಿನ ಹಾಗೆ, ಚೆಂದ ಕಾಣುವ ಕಡೆಯಿಂದ ಫೋಟೋ ತೆಗೆಯುತ್ತದೆ. ಪ್ರವಾಸದ ಈ ಭಾಗಗಳನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಪೂಜೆಯ ದಿನದ ಡೈರಿ ಹಳೆಯದು. ಹೊರಡುವಾಗ ಅದನ್ನು ತೆರೆದು ನೋಡಬೇಕೆಂದು ನನಗೆ ಅನ್ನಿಸಲಿಲ್ಲ.

ಹೊರಡುವ ದಿನ ಓನರ್ ಸ್ಪಷ್ಟವಾಗಿ ಹೇಳಿದರು: "ಸಿಂಪಲ್ ಮ್ಯಾಟ್ರು ಮೇಡಂ. ಆ ಹಸುಗಳಿಗೆ ಅಭ್ಯಾಸ ಇಲ್ಲ. ಹೋಗ್ಬಿಟ್ಟು, ಹಸು ಕುಡೀತಿರೋ ಹಾಗೆ ನಾಕು ಫೋಟೋ ತಗೊಂಡ್ಬನ್ನಿ. ರಿಪೋರ್ಟಲ್ಲಿ ಕಾರಣ ಅಂತ ಇರತ್ತಲ್ಲ, ಅಲ್ಲಿ ಜಾನುವಾರುಗಳ ಅಭ್ಯಾಸದ ಕೊರತೆ ಅಂತ ಬರೀರಿ."

ಜೊತೆಗೆ ನಮ್ಮ ಹಿರಿಯ ಫಿಟ್ಟರ್ ಹನುಮಂತಣ್ಣನನ್ನು ಕಳಿಸಿದರು. ಅವರು ಬಾಗಲಕೋಟೆ ಕಡೆಯವರು, ಲಗ್ಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆ ಮನೆ. ನಮ್ಮ ಹನ್ನೊಂದು ಜನರಲ್ಲಿ ಹಾಲು ಕರೆದು ಗೊತ್ತಿದ್ದವರು ಅವರೊಬ್ಬರೇ. ತೊಟ್ಟಿ ಮಾಡುವಾಗ ಮಾತ್ರ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಿಷ್ಕೆಕ್

ಹದಿನಾರು ಡಿಗ್ರಿಗೆ ಮಂಕಿಕ್ಯಾಪ್ ಹಾಕುವ ಊರಿನಿಂದ ಬಂದವರಿಗೆ ಮೈನಸ್ ಎಂಬುದು ಬರೀ ಗಣಿತ. ವಿಮಾನ ನಿಲ್ದಾಣದ ಬಾಗಿಲು ತೆರೆದಾಗ ಮೂಗಿನೊಳಗಿನ ಕೂದಲು ಕಡ್ಡಿಯಾದವು. ಹನುಮಂತಣ್ಣ ಎರಡು ಹೆಜ್ಜೆ ಇಟ್ಟು, ವಾಪಸ್ ಒಳಗೆ ಬಂದು, ಚೀಲದಿಂದ ಇನ್ನೊಂದು ಪ್ಯಾಂಟು ತೆಗೆದು, ಇದ್ದ ಪ್ಯಾಂಟಿನ ಮೇಲೆಯೇ ಹಾಕಿಕೊಂಡರು. ಪೊಲೀಸನೊಬ್ಬ ಅದನ್ನು ಬಹಳ ಗೌರವದಿಂದ ನೋಡಿದ.

ಹೊರಗೆ ಹೀಗಾದರೆ, ನಾವು ಇಳಿದುಕೊಂಡ ಕಟ್ಟಡದೊಳಗೆ ರಾಯಚೂರಿನ ಏಪ್ರಿಲ್. ಬಿಸಿನೀರಿನ ಕೊಳವೆಗಳು ಗೋಡೆಗುಂಟ ಹರಿಯುತ್ತವೆ, ಅವುಗಳಿಗೆ ಕಡಿಮೆ ಮಾಡುವ ತಿರುಗಣೆ ಇಲ್ಲ. ಆದ್ದರಿಂದ ಜನ ಬನಿಯನ್ನಿನಲ್ಲಿ ಕೂತು ಕಿಟಕಿ ತೆರೆದಿಡುತ್ತಾರೆ. ಮನುಷ್ಯರನ್ನು ಬೇಯಿಸುವಷ್ಟು ಶಾಖವನ್ನು ಬೀದಿಗೆ ಚೆಲ್ಲುವ ಊರಿಗೆ, ಹಸುವಿನ ನೀರು ಬೆಚ್ಚಗಿಡಲು ಪೀಣ್ಯದಿಂದ ತೊಟ್ಟಿ ಬೇಕಾಯಿತಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ. ಬೀದಿಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದ ಇಬ್ಬರು ಹೆಂಗಸರ ಬಗ್ಗೆಯೂ ಕಟುವಾಗಿ ಬರೆದಿದ್ದೇನೆ. ಈಗ ಓದಿದರೆ, ಅವರು ನನಗೇನು ಮಾಡಿದ್ದರೆಂದು ತಿಳಿಯುವುದಿಲ್ಲ.

ಹಳ್ಳಿ, ಮೊದಲ ದಿನ

ಹಳ್ಳಿ ಬೆಟ್ಟಗಳ ನಡುವೆ ಇದೆ, ದಾರಿ ಆರು ಗಂಟೆ. ನಮ್ಮನ್ನು ಉಳಿಸಿಕೊಂಡವರು ಗುಲ್ನಾರಾ ಎಂಬ ಅರವತ್ತರ ಹೆಂಗಸು ಮತ್ತು ಅವರ ಸೊಸೆ ಐಗುಲ್. ಐಗುಲ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅತ್ತೆಯ ಮಾತು ನಮಗೆ ತಲುಪಿದ್ದೆಲ್ಲ ಅವಳ ಮೂಲಕವೇ. ಅಲ್ಲಿ ತಾಯಿಯನ್ನೂ ಹಿರಿಯ ಹೆಂಗಸರನ್ನೂ 'ಅಪಾ' ಎಂದು ಕರೆಯಬೇಕು.

"ತಾಯಿಗೆ ಅಪ್ಪ ಅಂತಾರಂದ್ರ ಅಪ್ಪಗ ಏನಂತಾರ್ರಿ?" ಎಂದು ಹನುಮಂತಣ್ಣ ನನ್ನನ್ನು ಕೇಳಿದರು. ಆಮೇಲೆ ಆರು ದಿನವೂ ಅವರು ಆಕೆಯನ್ನು 'ಅಪ್ಪಾರು' ಎಂದೇ ಕರೆದರು. ಆಕೆ ಪ್ರತಿ ಸಲವೂ ಓಗೊಟ್ಟರು.

ಚಹಾ ಬಂತು. ಪುಟ್ಟ ಬಟ್ಟಲು, ಅದರಲ್ಲೂ ಅರ್ಧ. ಕುಡಿದು ಇಟ್ಟರೆ ಮತ್ತೆ ಅರ್ಧ. ಬೆಂಗಳೂರಿನ ಬೈ-ಟೂ ಕಾಫಿಗಿಂತ ಜಿಪುಣತನ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ಮುಖದಲ್ಲಿ ಕಂಡಿರಬೇಕು. ಐಗುಲ್ ವಿವರಿಸಿದಳು: ಅರ್ಧ ಕೊಟ್ಟರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಬಡಿಸುತ್ತೇವೆ ಎಂದರ್ಥ. ತುಂಬಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ.

ಆಮೇಲೆ ಕೊಟ್ಟಿಗೆ. ಬಾಗಿಲ ಪಕ್ಕದಲ್ಲಿ ಎದೆಯೆತ್ತರದ ಕಬ್ಬಿಣದ ಹಾರೆಯೊಂದು ಒರಗಿತ್ತು. ನಲವತ್ತು ಚಳಿಗಾಲ ಗುಲ್ನಾರಾ ಅಪಾ ದಿನಕ್ಕೆರಡು ಸಲ ಅದನ್ನು ಹೊತ್ತು ಕಾಲುವೆಗೆ ಹೋಗಿ, ಮಂಜುಗಡ್ಡೆ ಒಡೆದು ದನಗಳಿಗೆ ನೀರು ಕುಡಿಸಿದ್ದಾರೆ. ಈಗ ಅವರ ಬಲಭುಜ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ತೊಟ್ಟಿ ತರಿಸಿದ್ದು ಅದಕ್ಕೇ. ಐದು ಹಸುಗಳಲ್ಲಿ ಒಂದು ಗಬ್ಬವಾಗಿತ್ತು, ಕರು ಹಾಕಲು ಮೂರು ವಾರ. ಹೊಟ್ಟೆತುಂಬ ನೀರು ಕುಡಿಯದಿದ್ದರೆ ಅದಕ್ಕೂ ಕರುವಿಗೂ ಅಪಾಯ ಎಂದು ಅವರಿಗೆ ಗೊತ್ತಿತ್ತು, ಹನುಮಂತಣ್ಣನಿಗೆ ಗೊತ್ತಿತ್ತು.

ನಮ್ಮ ತೊಟ್ಟಿ ಮೂಲೆಯಲ್ಲಿ ಕೆಂಪು ದೀಪ ಉರಿಸಿಕೊಂಡು ನಿಂತಿತ್ತು. ನೀರಿನ ಮೇಲೆ ತೆಳುವಾದ ಹಬೆ. ನೋಡಿ ನನಗೆ ಹೆಮ್ಮೆಯಾಯಿತು. ಗಬ್ಬದ ಹಸು ಬಂತು, ಕತ್ತು ಚಾಚಿತು, ಮೂತಿ ನೀರಿಗೆ ತಾಕುತ್ತಲೇ ತಲೆ ಕೊಡವಿ ಹಿಂದೆ ಸರಿಯಿತು. ಹೊರಗೆ ಹೋಗಿ ಹಿಮ ನೆಕ್ಕತೊಡಗಿತು.

"ನಿಮ್ಮ ದೇಶದಲ್ಲಿ ಹಸುಗಳು ಇಲ್ಲವೇ ಎಂದು ಕೇಳುತ್ತಿದ್ದಾರೆ," ಅಂದಳು ಐಗುಲ್.

"ನಮ್ಮ ದೇಶದಲ್ಲಿ ಹಸುವನ್ನು ಪೂಜೆ ಮಾಡುತ್ತೇವೆ," ಅಂದೆ.

ಅದನ್ನು ಕೇಳಿ ಅಪಾ ಏನೋ ಅಂದರು. ಐಗುಲ್ ಅನುವಾದಿಸಿದಳು: "ಪೂಜೆ ಮಾಡಿ, ಆದರೆ ನೀರನ್ನೂ ಕೊಡಿ ಅನ್ನುತ್ತಾರೆ."

ನಾನು ಪರೀಕ್ಷೆಗೆ ಇಳಿದೆ. ನೀರಿನ ಉಷ್ಣತೆ ಹನ್ನೆರಡು ಡಿಗ್ರಿ, ನಮ್ಮ ಕೈಪಿಡಿಯಲ್ಲಿದ್ದ ಹಾಗೇ. ಟೆಸ್ಟರ್ ಸ್ಕ್ರೂಡ್ರೈವರ್ ತೊಟ್ಟಿಗೆ ತಾಕಿಸಿದರೆ ದೀಪ ಹತ್ತಲಿಲ್ಲ. ಟೆಸ್ಟರಿನ ಹಿಂಬದಿಗೆ ಬರಿಬೆರಳು ತಾಗಬೇಕು. ನನ್ನ ಕೈಯಲ್ಲಿ ಉಣ್ಣೆಯ ದಪ್ಪ ಗ್ಲೌಸ್ ಇತ್ತು. ಇಂಜಿನಿಯರಿಂಗ್ ಓದಿದವಳು ನಾನು. ಮೀಟರ್ ತೆಗೆದರೆ ಅದರ ಪರದೆ ಚಳಿಗೆ ಖಾಲಿಯಾಗಿತ್ತು. ಹನುಮಂತಣ್ಣ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಜ್ವರ ನೋಡುವವರ ಹಾಗೆ ಅರ್ಧ ಗಂಟೆ ಕೂತರು. ಪರದೆಯಲ್ಲಿ ಎರಡು ಅಂಕಿ ಮೂಡಿ ಮತ್ತೆ ಮಾಯವಾದವು.

"ಯಾವಾಗಲೂ ಕುಡಿಯುವುದಿಲ್ಲವೇ?" ಎಂದು ಅಪಾ ಅವರನ್ನು ಕೇಳಿದೆ.

"ಕರೆಂಟ್ ಹೋದಾಗ ಕುಡಿಯುತ್ತವಂತೆ," ಅಂದಳು ಐಗುಲ್.

ಮೂಢನಂಬಿಕೆ, ಎಂದು ಡೈರಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ.

ಎರಡನೆಯ ದಿನ

ಓನರ್ ವಿಡಿಯೋ ಕಾಲ್ ಮಾಡಿದರು. ಹಿಂದೆ ಪ್ರೆಸ್ ಮಷಿನ್ ಸದ್ದು, ಮುಂದೆ ಅವರ ಉಪಾಯಗಳು.

"ಆ ಕೆಂಪು ಲೈಟ್ ಇದ್ಯಲ್ಲ ಮೇಡಂ, ಅದಕ್ಕೇ ಹೆದ್ರ್‌ತಿದಾವೆ. ಟೇಪ್ ಹಾಕ್ಬಿಡಿ."

ಟೇಪ್ ಹಾಕಿದೆವು. ಹಸು ಬಂತು, ತಲೆ ಕೊಡವಿತು, ಹೋಯಿತು.

"ಹಂಗಾದ್ರೆ ಬೆಲ್ಲ ಹಾಕಿ. ಬೆಲ್ಲ ಅಂದ್ರೆ ಯಾವ ದೇಶದ ಹಸೂನೂ ಬಿಡಲ್ಲ."

ಆ ಹಳ್ಳಿಯಲ್ಲಿ ಬೆಲ್ಲ ಎಲ್ಲಿಯದು? ಸಕ್ಕರೆ ಹಾಕಿದೆವು. ಐಗುಲ್ ಮನೆಯ ಡಬ್ಬಿಯಿಂದ ಅರ್ಧ ಸಕ್ಕರೆ ಸುರಿಯುವಾಗ ಅಪಾ ನನ್ನ ಮುಖವನ್ನೇ ನೋಡುತ್ತಿದ್ದರು. ಹಸು ಬಂತು, ತಲೆ ಕೊಡವಿತು, ಹೋಯಿತು.

"ಗುರು, ಹಸುಗೂ ಶುಗರ್ ಇರ್ಬೇಕು," ಎಂದು ಓನರಿನ ಪಕ್ಕದಲ್ಲಿದ್ದ ಯಾರೋ ಅಂದರು. ಪೀಣ್ಯದಲ್ಲಿ ಎಲ್ಲರೂ ನಕ್ಕರು. ಅಪಾ ಹಾರೆ ಎತ್ತಿಕೊಂಡು ಎಡಗೈಯಲ್ಲಿ ಹಿಡಿದು ಕಾಲುವೆಯ ಕಡೆ ಹೊರಟರು. ಹನುಮಂತಣ್ಣ ಓಡಿಹೋಗಿ ಹಾರೆ ಇಸಿದುಕೊಂಡರು. ನಾನು ಒಳಗೆ ಹೋಗಿ ರಿಪೋರ್ಟಿನ 'ಕಾರಣ' ಎಂಬಲ್ಲಿ ಓನರ್ ಹೇಳಿದ ವಾಕ್ಯವನ್ನು ಬರೆದೆ. ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು. ಹಸು ಹೊಸದಕ್ಕೆ ಒಗ್ಗಿಲ್ಲ; ಈ ಜನವೂ ಒಗ್ಗಿಲ್ಲ. ಡೈರಿಯ ಅಂದಿನ ಪುಟದಲ್ಲಿ ಹಳ್ಳಿಯ ಬಗ್ಗೆ, ಕುರಿಯ ಕೊಬ್ಬಿನ ವಾಸನೆಯ ಬಗ್ಗೆ, ಅಂಗಳದ ಕೊನೆಯ ಕಕ್ಕಸಿನ ಬಗ್ಗೆ ತುಂಬ ಜಾಣ ವಾಕ್ಯಗಳಿವೆ.

ಮೂರನೆಯ ದಿನ, ಕರೆಂಟ್ ಹೋದಾಗ

ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಬೆಂಗಳೂರಿನವರಿಗೆ ಇದೊಂದು ವಿಷಯದಲ್ಲಿ ಯಾರೂ ಏನೂ ಕಲಿಸಬೇಕಿಲ್ಲ. ನಾವಿಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪಾ ಮಾತ್ರ ಎದ್ದು ಬಂದು ನನ್ನ ತೋಳು ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದರು.

ಐದು ಹಸುಗಳೂ ತೊಟ್ಟಿಗೆ ಮುತ್ತಿದ್ದವು. ಗಬ್ಬದ ಹಸು ಮೂತಿಯನ್ನು ಕಣ್ಣಿನವರೆಗೆ ಮುಳುಗಿಸಿ ಹೀರುತ್ತಿತ್ತು. ಗಂಟಲಲ್ಲಿ ನೀರು ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ನಾನು ಫೋಟೋ ತೆಗೆದೆ. ನಾಲ್ಕು ಫೋಟೋ, ಓನರ್ ಹೇಳಿದಷ್ಟೇ. ಕೆಲಸ ಮುಗಿಯಿತಲ್ಲ ಎಂದು ಅರೆಕ್ಷಣ ಅನ್ನಿಸಿದ್ದು ನಿಜ.

ಅಷ್ಟರಲ್ಲಿ ಕರೆಂಟ್ ಬಂತು. ಐದು ತಲೆಗಳೂ ಒಟ್ಟಿಗೆ ಮೇಲೆದ್ದವು.

ಹನುಮಂತಣ್ಣ ಹಸುಗಳನ್ನು ನೋಡಲಿಲ್ಲ. ನಮ್ಮ ಕಾಲುಗಳನ್ನು ನೋಡುತ್ತಿದ್ದರು. ಅಪಾ ಅವರ ಕಾಲಲ್ಲಿ ಉಣ್ಣೆಯ ಬೂಟು, ಅದರ ಮೇಲೆ ರಬ್ಬರಿನ ಕವಚ. ಐಗುಲ್ ಕಾಲಲ್ಲೂ ಅದೇ. ನಮಗೂ ಅವರೇ ಕೊಟ್ಟ ರಬ್ಬರ್ ಬೂಟು.

"ಮೇಡಂ," ಅಂದರು, "ಆಕಳಿಗೆ ಚಪ್ಪಲ್ ಇಲ್ಲಲ್ರಿ."

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂಬಂತೆ ನಿಂತೆ.

"ನಮ್ಮೂರಾಗ ಮಳಿಗಾಲದಾಗ ಕರೆಂಟ್ ಕಂಬದ ಹಂತೇಕ ಎಮ್ಮಿ ಹೋಗೂದಿಲ್ರಿ. ಮಂದಿ ಹೋಗ್ತಾರ, ಎಮ್ಮಿ ಹೋಗೂದಿಲ್ಲ. ಇದು ಅದ ಐತ್ರಿ. ನೀರು ಜುಮ್ ಅನ್ನಾಕತ್ತೈತಿ. ಅದಕ್ಕ ಮುಟ್ಟವಲ್ದು."

ಕನ್ನಡದ ಓದುಗರಿಗೆ 'ಜುಮ್' ಎಂದರೇನೆಂದು ಹೇಳಬೇಕಿಲ್ಲ. ನಮ್ಮ ಎಷ್ಟು ಮನೆಗಳ ಬಚ್ಚಲಲ್ಲಿ ಗೀಸರಿನ ನಲ್ಲಿ ಜುಮ್ ಅನ್ನುವುದಿಲ್ಲ? ದಾವಣಗೆರೆಯ ನಮ್ಮ ಮನೆಯಲ್ಲಿ ಅಮ್ಮ, "ಅದು ಹಂಗೇ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಅನ್ನುತ್ತಿದ್ದಳು. ವೈರು ಸೋರುತ್ತಿದ್ದರೆ ನಾವು ವೈರನ್ನು ಸರಿಮಾಡುವುದಿಲ್ಲ, ಒಂದು ಜೊತೆ ಹವಾಯಿ ಚಪ್ಪಲಿ ಇಡುತ್ತೇವೆ. ಕಾರ್ಖಾನೆಯಲ್ಲೂ ಪರೀಕ್ಷೆಯ ಮೇಜಿನ ಕೆಳಗೆ ಒಂದು ಜೊತೆ ಸದಾ ಇರುತ್ತದೆ. ಹಾಕಿಕೊಂಡು ಮುಟ್ಟಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ನಾನು ಬೂಟು ಬಿಚ್ಚಿದೆ. ಕಾಲುಚೀಲವನ್ನೂ.

"ಬ್ಯಾಡ್ರಿ ಮೇಡಂ! ಎಷ್ಟು ಬರಾಕತ್ತೈತೋ ಏನೋ. ನಾ ಮುಟ್ತೀನಿ."

"ಸಹಿ ನಂದು ಹನುಮಂತಣ್ಣ."

"ಸಹಿ ಹಾಳಾಗ್ಲಿ. ಸರಿ, ಅಂಗೈ ಬ್ಯಾಡ್ರಿ, ಹಿಂಗೈ ತಾಕಸ್ರಿ. ಅಂಗೈಲೆ ಹಿಡಕೊಂಡ್ರ ಅದು ಬಿಡಾಂಗಿಲ್ಲ." ಹೇಳುತ್ತಲೇ ಅವರು ಸ್ವಿಚ್ಚಿನ ಪಕ್ಕಕ್ಕೆ ಹೋಗಿ ನಿಂತರು.

ನೆಲದ ಮೇಲೆ ಗಂಜಲ, ಸಗಣಿ, ಅರೆ ಕರಗಿದ ಹಿಮ. ಕಾಲಿಟ್ಟಾಗ ಉರಿಯೋ ಚಳಿಯೋ ತಿಳಿಯಲಿಲ್ಲ. ಹಿಂಗೈಯನ್ನು ನೀರಿಗೆ ತಾಗಿಸಿದೆ. ಜುಮ್. ಮೊಣಕೈವರೆಗೆ ಸಣ್ಣ ಇರುವೆ ಸಾಲು. ಮನುಷ್ಯರನ್ನು ಕೊಲ್ಲುವಷ್ಟಲ್ಲ. ಒದ್ದೆ ಮೂತಿಯ, ನಾಲ್ಕು ಬರಿಗಾಲಿನ ಪ್ರಾಣಿಯೊಂದನ್ನು ದಿನವಿಡೀ ಬಾಯಾರಿಸಿ ಹೊರಗೆ ಕಳಿಸುವಷ್ಟು.

ಅಪಾ ನನ್ನ ಬರಿಗಾಲನ್ನೂ ಕೈಯನ್ನೂ ನೋಡಿದರು. ಐಗುಲ್ ಅನುವಾದಿಸುವ ಅಗತ್ಯ ಬೀಳಲಿಲ್ಲ.

ತುಂಬಿದ ಬಟ್ಟಲು

ತಪ್ಪು ಎಲ್ಲಿ ಎಂದು ನನಗೆ ಗೊತ್ತಿತ್ತು. ಕಾಯಿಲ್ ಒಳಗೆ ಬಿಳಿ ಪುಡಿಯೊಂದನ್ನು ತುಂಬುತ್ತೇವೆ. ಅದು ಗಾಳಿಯ ತೇವವನ್ನು ಹೀರುತ್ತದೆ; ಆದ್ದರಿಂದ ಬಾಯಿ ಮುಚ್ಚುವ ಮೊದಲು ಓವನ್ನಿನಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ಕರೆಂಟು ಹೊರಗೆ ಸೋರುತ್ತದೆ. ಆ ಮಳೆಗಾಲದಲ್ಲಿ ಓವನ್ ತುಂಬ ಗೀಸರಿನ ಕಾಯಿಲುಗಳಿದ್ದವು. ತೊಟ್ಟಿಯವನ್ನು ಒಣಗಿಸದೆ ಮುಚ್ಚಿದೆವು. ಸೋರಿದ್ದನ್ನು ನೆಲಕ್ಕೆ ಇಳಿಸಲು ಅರ್ಥಿಂಗ್ ಇರುತ್ತದಲ್ಲ ಎಂದುಕೊಂಡೆವು. ಪೀಣ್ಯದಲ್ಲಿ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ವಾರಕ್ಕೊಂದು ಕೊಡ ನೀರು ಹೊಯ್ಯುತ್ತೇವೆ. ಆ ಕೊಟ್ಟಿಗೆಯ ಪ್ಲಗ್ಗಿಗೆ ಎರಡೇ ವೈರು, ಅರ್ಥಿಂಗ್ ಇರಲೇ ಇಲ್ಲ. ಹನುಮಂತಣ್ಣ ಅಂಗಳದಲ್ಲಿ ಒಂದು ಸರಳು ಹೂಳಲು ನೋಡಿದರು. ಹೆಪ್ಪುಗಟ್ಟಿದ ನೆಲ ಸರಳನ್ನೇ ಬಗ್ಗಿಸಿತು.

ಇಷ್ಟನ್ನೂ ಐಗುಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಒಣಗಿಸಲಿಲ್ಲ ಎಂಬುದನ್ನೂ ಹೇಳಿದೆ. ಅವಳು ಅತ್ತೆಗೆ ಹೇಳಿದಳು. ಅಪಾ ಚಹಾ ಪಾತ್ರೆ ಎತ್ತಿ ನನ್ನ ಬಟ್ಟಲಿಗೆ ಸುರಿದರು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಅಂಚಿನವರೆಗೆ ಬಂತು. ಐಗುಲ್ ಮೇಜಿನ ಬಟ್ಟೆ ನೋಡುತ್ತ ಕೂತಳು.

ವಾಪಸ್ ಹೋಗುವ ವಿಮಾನ ಇನ್ನೂ ಮೂರು ದಿನಕ್ಕಿತ್ತು. ಹೊರಡಿ ಎಂದರೂ ಹೋಗಲು ಜಾಗವಿರಲಿಲ್ಲ. ಬೆಳಿಗ್ಗೆ ಎದ್ದು ಹಾರೆ ಹೊತ್ತುಕೊಂಡು ನಾನೂ ಹನುಮಂತಣ್ಣನೂ ಕಾಲುವೆಗೆ ಹೋದೆವು. ಮಂಜುಗಡ್ಡೆ ಒಡೆಯುವುದೂ ಒಂದು ವಿದ್ಯೆ. ನಾನು ನೇರವಾಗಿ ಕುಟ್ಟಿದೆ. ಹಾರೆ ಪುಟಿದು ಹಲ್ಲೆಲ್ಲ ಝಲ್ ಎಂದವು. ದಡದ ಮೇಲೆ ಯಾರೋ ನಕ್ಕರು. ಓರೆಯಾಗಿ, ಒಂದೇ ಗೆರೆಯಲ್ಲಿ ಹೊಡೆಯಬೇಕು ಎಂದು ಅಪಾ ದೂರದಿಂದಲೇ ಕೈಯಾಡಿಸಿ ತೋರಿಸಿದರು.

"ಮೊಸರು ಹೆಪ್ಪಾಗಾಕ ಬೆಚ್ಚಗ ಇಡಬೇಕು, ನೀರು ಹೆಪ್ಪಾಗಾಕ ತಣ್ಣಗ ಇಡಬೇಕು," ಎಂದು ಹನುಮಂತಣ್ಣ ಏದುಸಿರು ಬಿಡುತ್ತ ಅಂದರು. "ಎರಡಕ್ಕೂ ಒಂದ ಶಬ್ದ ಇಟ್ಟಾರಲ್ರಿ ನಮ್ಮ ಹಿರಿಯಾರು. ಅವರೂ ಹಿಮ ನೋಡಿದ್ದಿಲ್ಲ ಅನಸ್ತೈತಿ."

ಅವರು ಕಾಯಿಲ್ ಬಿಚ್ಚಿ ಸಗಣಿ ಒಲೆಯ ಪಕ್ಕದಲ್ಲಿ ಒಂದು ಹಗಲು, ಒಂದು ರಾತ್ರಿ ಒಣಗಿಸಿ ಮತ್ತೆ ಜೋಡಿಸಿದರು. ನಾನು ಮತ್ತೆ ಬರಿಗಾಲಲ್ಲಿ ನಿಂತು ಹಿಂಗೈ ತಾಗಿಸಿದೆ. ಏನೂ ಇಲ್ಲ. ಅಪಾ ಅವರೂ ಬೂಟು ಬಿಚ್ಚಿ ಮುಟ್ಟಿ ನೋಡಿ ತಲೆಯಾಡಿಸಿದರು. ಹಸು ಬರಲಿಲ್ಲ. ಹಗ್ಗ ಹಿಡಿದು ಎಳೆದರೆ ನಾಲ್ಕು ಕಾಲೂ ಊರಿ ನಿಂತಿತು. ಕರೆಂಟ್ ಇರುವಾಗ ಆ ತೊಟ್ಟಿ ಏನೆಂದು ಅದಕ್ಕೆ ಗೊತ್ತು. ಅದಕ್ಕೆ ಡೈರಿ ಬೇಕಿಲ್ಲ.

ಕಾಲುವೆಯ ತೂತಿನಲ್ಲಿ ಅದು ನೀರು ಕುಡಿಯುವುದನ್ನು ನೋಡುತ್ತ ನಿಂತೆ. ಎಷ್ಟೋ ಹೊತ್ತು ಕುಡಿಯಿತು.

ಹೊರಡುವ ಬೆಳಿಗ್ಗೆ ಅಪಾ ಚಹಾ ಕೊಟ್ಟರು. ಆ ಬಟ್ಟಲು ಅರ್ಧ ಇತ್ತೋ, ತುಂಬಿತ್ತೋ ಡೈರಿಯಲ್ಲಿ ಬರೆದಿಲ್ಲ. ಅರ್ಧ ಇತ್ತು ಎಂದು ನೆನಪು. ಅದರ ಮಾತನ್ನು ನಂಬುವ ಹಾಗಿಲ್ಲ.

ಬಾಗಲಗುಂಟೆ

ಬಾಗಲಗುಂಟೆಯ ನನ್ನ ಮನೆಗೆ ಬಂದ ಮೇಲೆ ಐಗುಲ್ ಒಂದು ಫೋಟೋ ಕಳಿಸಿದಳು. ಕಂದು ಬಣ್ಣದ ಕರು, ಕಾಲು ಇನ್ನೂ ಗಟ್ಟಿಯಾಗಿಲ್ಲ. ಹಿಂದೆ ನಮ್ಮ ತೊಟ್ಟಿ ಕಾಣುತ್ತದೆ, ವೈರು ಕಿತ್ತು ಸುತ್ತಿಟ್ಟಿದ್ದಾರೆ. ಅದರ ತುಂಬ ಆಲೂಗಡ್ಡೆ. ಹಾರೆ ಬಾಗಿಲ ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ಇದೆ.

ಓನರಿಗೆ ಫೋನಿನಲ್ಲೇ ಎಲ್ಲ ಹೇಳಿದ್ದೆ. "ಆಯ್ತು ಮೇಡಂ, ಮುಂದಿನ ಬ್ಯಾಚಲ್ಲಿ ನೋಡ್ಕೊಳಣ. ಈಗ ರಿಪೋರ್ಟಲ್ಲಿ ಅದೇ ಅಭ್ಯಾಸದ್ದು ಇರ್ಲಿ. ಫೋಟೋ ಹೆಂಗೂ ಇದ್ಯಲ್ಲ, ಸಕ್ಕತ್ತಾಗಿ ಬಂದಿದೆ," ಅಂದರು. ಉಳಿದ ಹತ್ತೊಂಬತ್ತು ತೊಟ್ಟಿಗಳು ಹಳ್ಳಿಯ ಹತ್ತೊಂಬತ್ತು ಕೊಟ್ಟಿಗೆಗಳಲ್ಲಿ ಹಾಗೇ ಇವೆ. ರಿಪೋರ್ಟಿನಲ್ಲಿ ತಪ್ಪು ನಮ್ಮದು ಎಂದಿದ್ದರೆ ಮಾತ್ರ ನಾವು ಅವಕ್ಕೆ ಹೊಸ ಕಾಯಿಲ್ ಕಳಿಸಬೇಕು. ಅಭ್ಯಾಸ ಎಂದಿದ್ದರೆ ಹತ್ತೊಂಬತ್ತು ಮನೆಯವರು ಹಾರೆ ಎತ್ತಬೇಕು.

ಬರೆಯಲು ಕೂತೆ. ಪೂಜೆಯ ದಿನ ನಾನು ಸರಿಯಾಗಿ ಪರೀಕ್ಷೆ ಮಾಡಿದ್ದೆ, ಚಪ್ಪಲಿಯಿಂದಾಗಿ ತಿಳಿಯಲಿಲ್ಲ, ಪಾಪ, ನಾನೇನು ಮಾಡಲಿ, ಎಂಬ ಅರ್ಥದ ಒಂದು ಪುಟ ಚೆನ್ನಾಗಿ ಮೂಡಿಬಂತು. ತಾರೀಕು ಬೇಕಾಗಿತ್ತು. ಅದಕ್ಕಾಗಿ ಮಾತ್ರ ಹಳೆಯ ಡೈರಿ ತೆಗೆದೆ.

ಬರೆದ ಪುಟವನ್ನು ಹರಿದೆ. 'ಕಾರಣ' ಎಂಬಲ್ಲಿದ್ದ ಓನರಿನ ವಾಕ್ಯವನ್ನು ಹೊಡೆದುಹಾಕಿ, ಹಳೆಯ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದ್ದದ್ದನ್ನು ಒಂದು ಪದವನ್ನೂ ಬದಲಿಸದೆ ಇಳಿಸಿ, ಕೆಳಗೆ ಸಹಿ ಮಾಡಿ ಹಳ್ಳಿಗೂ ಓನರಿಗೂ ಒಂದೊಂದು ಪ್ರತಿ ಕಳಿಸಿದೆ:

"ಇವತ್ತು ತೊಟ್ಟಿಯ ಪೂಜೆ. ಎಲ್ಲರ ಹಾಗೆ ನಾನೂ ಚಪ್ಪಲಿ ಬಿಟ್ಟಿದ್ದೆ. ಸ್ವಿಚ್ ಹಾಕಿದ ಮೇಲೆ ಕುಂಕುಮ ಹಚ್ಚಲು ಹೋದರೆ ಜುಮ್ ಎಂದಿತು. ಚಪ್ಪಲಿ ಮೆಟ್ಟಿಕೊಂಡು ಬಂದು ಮತ್ತೆ ಮುಟ್ಟಿದೆ. ಏನೂ ಇಲ್ಲ. ಸಹಿ ಹಾಕಿದೆ."